ವಚನಗಳನ್ನು ಓದಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಸೋಮವಾರ ಸಂಜೆ ಏಳೆಂಟು ಜನ ಕೂಡಿ ವಚನ ಓದುತ್ತೇವೆ. ನಾನು ಶಾಲೆಯ ಮಾಸ್ತರಿಕೆಯಿಂದ ನಿವೃತ್ತಳಾದ ವರ್ಷ ಶುರುವಾದ ರೂಢಿ ಇದು. ಬರುವವರು ಬದಲಾಗುತ್ತಾರೆ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವರು ಮೊದಲ ದಿನ ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಅವೇ. ಫೋನ್ ಮಾಡಿ ಕೇಳುವವರೂ ಇದ್ದಾರೆ. ಅಂಥ ಪ್ರಶ್ನೆಗಳನ್ನೂ ನಾನು ಕೊಡುತ್ತ ಬಂದ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ವಚನಗಳನ್ನು ಓದಬೇಕೆಂದಿದ್ದೇನೆ. ಯಾವ ಪುಸ್ತಕದಿಂದ ಆರಂಭಿಸಲಿ?

ಬಸವಣ್ಣನವರ ಆಯ್ದ ವಚನಗಳ ಒಂದು ಸಣ್ಣ ಪುಸ್ತಕ ಸಾಕು. ನೂರಿನ್ನೂರು ವಚನಗಳಿರಲಿ, ಪುಟದ ಅಡಿಯಲ್ಲಿ ಕಠಿಣ ಪದಗಳ ಅರ್ಥವಿರಲಿ. ವಚನಕ್ಕಿಂತ ವ್ಯಾಖ್ಯಾನವೇ ನಾಲ್ಕು ಪಟ್ಟು ಉದ್ದವಿರುವ ಪುಸ್ತಕವನ್ನು ಮೊದಲೇ ಹಿಡಿಯಬೇಡಿ. ಇನ್ನೊಬ್ಬರ ಅರ್ಥ ತಲೆಯಲ್ಲಿ ಕೂತುಬಿಟ್ಟರೆ ವಚನ ನಿಮ್ಮೊಡನೆ ನೇರವಾಗಿ ಮಾತನಾಡುವ ಅವಕಾಶವೇ ಉಳಿಯುವುದಿಲ್ಲ.

ಬಸವಣ್ಣನವರಿಂದಲೇ ಏಕೆ ಎಂದರೆ ಅವರ ಮಾತು ಮನೆಯ ಮಾತು. ತನ್ನ ಮನಸ್ಸನ್ನು ಕೊಂಬೆಯ ಮೇಲಿನ ಮರ್ಕಟ ಎನ್ನುತ್ತಾರೆ, ತನಗಿಂತ ಕಿರಿಯರಿಲ್ಲ ಎನ್ನುತ್ತಾರೆ, ತಪ್ಪಿದಾಗ ತಪ್ಪಿದೆ ಎಂದು ಅಳುತ್ತಾರೆ. ಆಮೇಲೆ ಅಕ್ಕಮಹಾದೇವಿ. ಆಮೇಲೆ ಕಾಯಕದ ಶರಣರು: ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೋಳಿಗೆಯ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ. ಅಲ್ಲಮಪ್ರಭುವನ್ನು ಕಡೆಗಿಟ್ಟುಕೊಳ್ಳಿ. ಆತ ದೊಡ್ಡವನೆಂದು ಮೊದಲೇ ಹಿಡಿದು, ಹತ್ತು ಪುಟಕ್ಕೇ ಪುಸ್ತಕ ಮುಚ್ಚಿಟ್ಟವರನ್ನು ನಾನು ಬಹಳ ಕಂಡಿದ್ದೇನೆ.

ದಿನಕ್ಕೆ ಎಷ್ಟು ಓದಬೇಕು?

ಒಂದು. ಗಟ್ಟಿಯಾಗಿ, ಎರಡು ಸಲ.

ಗಟ್ಟಿಯಾಗಿ ಓದಲೇಬೇಕೆ?

ಓದಲೇಬೇಕು ಎಂಬುದು ನನ್ನ ಹಟ. ವಚನ ಎಂಬ ಪದಕ್ಕೆ ಮಾತು ಎಂದೇ ಅರ್ಥ. ಪ್ರತಿ ವಚನವೂ ಯಾರಿಗೋ ಆಡಿದ ಮಾತು: ದೇವರಿಗೆ, ಎದುರು ಕುಳಿತ ಶರಣನಿಗೆ, ಗಂಡನಿಗೆ, ಇಲ್ಲವೇ ತನ್ನದೇ ಮನಸ್ಸಿಗೆ. ತಾಳೆಗರಿಯಲ್ಲಿ ಇವು ಸಾಲು ಮುರಿಯದೆ, ಅಲ್ಪವಿರಾಮ ಪ್ರಶ್ನಾರ್ಥಕ ಯಾವುದೂ ಇಲ್ಲದೆ ಉದ್ದಕ್ಕೆ ಬರೆದಿದ್ದವು. ಇಂದು ನಾವು ಪುಸ್ತಕದಲ್ಲಿ ಕಾಣುವ ಸಾಲುಗಳು ಈಚಿನ ಸಂಪಾದಕರು ಮಾಡಿಕೊಟ್ಟವು. ಆದುದರಿಂದ ಓದುವಾಗ ನಿಮ್ಮ ಉಸಿರು ಬೇರೆ ಕಡೆ ನಿಂತರೆ ಗಾಬರಿ ಬೇಡ. ತಾಳಮಾನವನರಿಯೆ, ‘ಆನು ಒಲಿದಂತೆ ಹಾಡುವೆ’ ಎಂದವರು ಸ್ವತಃ ಬಸವಣ್ಣನವರು.

ಹಾಡು ಕೇಳಿ ಕಲಿಯುವುದಾದರೆ ಅದೂ ಒಳ್ಳೆಯ ದಾರಿಯೇ. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ‘ಅಕ್ಕ ಕೇಳವ್ವ ನಾನೊಂದು ಕನಸ ಕಂಡೆ’ ಕೇಳಿದ ಮೇಲೆ ಆ ವಚನವನ್ನು ಬರೀ ಕಣ್ಣಿನಿಂದ ಓದಲು ನನಗಂತೂ ಇಂದಿಗೂ ಆಗುವುದಿಲ್ಲ.

‘ಕಾಯಕವೇ ಕೈಲಾಸ’ ಇರುವ ಬಸವಣ್ಣನವರ ವಚನ ಯಾವ ಪುಟದಲ್ಲಿದೆ?

ವರ್ಷಕ್ಕೆ ನಾಲ್ಕೈದು ಸಲವಾದರೂ ಈ ಪ್ರಶ್ನೆ ಬರುತ್ತದೆ. ಬಸವಣ್ಣನವರ ವಚನಗಳಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ಆ ಮಾತು ಆಯ್ದಕ್ಕಿ ಮಾರಯ್ಯನದು. ಪೂರ್ತಿ ವಚನ ಹೀಗಿದೆ:

ಕಾಯಕದಲ್ಲಿ ನಿರತನಾದಡೆ
ಗುರುದರ್ಶನವಾದಡೂ ಮರೆಯಬೇಕು,
ಲಿಂಗಪೂಜೆಯಾದಡೂ ಮರೆಯಬೇಕು,
ಜಂಗಮ ಮುಂದೆ ನಿಂದಿದ್ದಡೂ ಹಂಗು ಹರಿಯಬೇಕು.
ಕಾಯಕವೆ ಕೈಲಾಸವಾದ ಕಾರಣ,
ಅಮರೇಶ್ವರಲಿಂಗವಾಯಿತ್ತಾದಡೂ ಕಾಯಕದೊಳಗು.

ಗೋಡೆಯ ಮೇಲೆ ಬರೆದ ಎರಡು ಪದಗಳಿಗೂ ಈ ವಚನಕ್ಕೂ ಎಷ್ಟು ದೂರವಿದೆ ನೋಡಿ. ಕಚೇರಿಯ ಗೋಡೆಯ ಮೇಲೆ ಅದು ‘ಸುಮ್ಮನೆ ಕೆಲಸ ಮಾಡು’ ಎಂದು ಕೇಳಿಸುತ್ತದೆ. ಮಾರಯ್ಯ ಹೇಳುತ್ತಿರುವುದಾದರೋ ಎದೆ ನಡುಗಿಸುವ ಮಾತು. ಶರಣಧರ್ಮದಲ್ಲಿ ಗುರು, ಲಿಂಗ, ಜಂಗಮ ಈ ಮೂರಕ್ಕಿಂತ ದೊಡ್ಡದು ಯಾವುದೂ ಇಲ್ಲ. ಆ ಮೂರನ್ನೂ ಕಾಯಕದ ಹೊತ್ತಿನಲ್ಲಿ ಮರೆ ಎನ್ನುತ್ತಾನೆ. ಕಡೆಗೆ ತನ್ನ ಇಷ್ಟದೈವವನ್ನೇ ಕಾಯಕದೊಳಗೆ ಸೇರಿಸಿಬಿಡುತ್ತಾನೆ.

ಇಷ್ಟೆಲ್ಲ ಹೇಳಿದ ಮಾರಯ್ಯನ ಕಾಯಕ ಯಾವುದು? ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಅವನೂ ಅವನ ಹೆಂಡತಿ ಲಕ್ಕಮ್ಮನೂ ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದ ಕಡೆಯಿಂದ ಬಂದವರು. ಒಂದು ದಿನ ಅವನು ದಿನದ ಅಳತೆಗಿಂತ ಹೆಚ್ಚು ಅಕ್ಕಿ ತಂದನಂತೆ. ಲಕ್ಕಮ್ಮ ಒಲೆ ಹಚ್ಚಲಿಲ್ಲ. ಹೊಸಿಲಲ್ಲೇ ಕೇಳಿದಳು:

ಆಸೆಯೆಂಬುದು ಅರಸಿಂಗಲ್ಲದೆ, ಶಿವಭಕ್ತರಿಗುಂಟೆ ಅಯ್ಯಾ?
ರೋಷವೆಂಬುದು ಯಮದೂತರಿಗಲ್ಲದೆ, ಅಜಾತರಿಗುಂಟೆ ಅಯ್ಯಾ?
ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ.
ಮಾರಯ್ಯಪ್ರಿಯ ಅಮರೇಶ್ವರಲಿಂಗಕ್ಕೆ ದೂರ.

‘ಈಸಕ್ಕಿ’ ಎಂದರೆ ಇಷ್ಟು ಅಕ್ಕಿ. ಮಾರಯ್ಯ ಹೆಚ್ಚಿನ ಅಕ್ಕಿಯನ್ನು ಹೊತ್ತುಕೊಂಡು ಹೋಗಿ ತಂದಲ್ಲೇ ಸುರಿದು ಬಂದ. ಬಡವರ ಮನೆ, ಒಲೆಯ ಮುಂದೆ ನಿಂತ ಹೆಂಗಸು, ನಾಳೆಗೂ ಆಗುವಷ್ಟು ಅಕ್ಕಿ ಕಣ್ಣೆದುರಿಗಿದೆ. ಆಗ ಬಂದ ಮಾತು ಇದು. ಮಾರಯ್ಯನ ವಚನದ ಪಕ್ಕದಲ್ಲಿ ಲಕ್ಕಮ್ಮನ ವಚನವನ್ನು ಇಟ್ಟು ಓದದ ಹೊರತು ಕಾಯಕ ಎಂದರೇನೆಂದು ತಿಳಿಯದು. ಕಾಯಕದಲ್ಲಿ ದುಡಿಮೆ ಅರ್ಧ, ಸಾಕು ಎನ್ನುವುದು ಇನ್ನರ್ಧ. ಗೋಡೆ ಬರಹ ಮೊದಲರ್ಧವನ್ನು ಮಾತ್ರ ಉಳಿಸಿಕೊಂಡಿದೆ. ಅದನ್ನೂ ಆಡಿದವನ ಹೆಸರಿಲ್ಲದೆ.

ನಮ್ಮ ಮನೆಯಲ್ಲಿ ಲಿಂಗಧಾರಣೆ ಇಲ್ಲ. ನಾವು ಓದಬಹುದೆ?

ಓದಬಹುದು, ಕೇಳುವ ಅಗತ್ಯವೇ ಇಲ್ಲ. ಕಲ್ಯಾಣದಲ್ಲಿ ಕೂಡಿದವರ ಪಟ್ಟಿ ನೋಡಿ: ಮಾದಾರ ಚೆನ್ನಯ್ಯನನ್ನು ಬಸವಣ್ಣನವರು ತಮ್ಮ ಹಿರಿಯನೆಂದು ಎತ್ತಿಕೊಂಡರು. ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಚೌಡಯ್ಯ, ಬಟ್ಟೆ ಒಗೆಯುವ ಮಾಚಯ್ಯ. ನಮ್ಮ ಬಳಗಕ್ಕೆ ಹಲವು ವರ್ಷ ತಪ್ಪದೆ ಬಂದವರಲ್ಲಿ ಒಬ್ಬರು ಮುಸ್ಲಿಂ ಟೇಲರ್. ಜೇಡರ ದಾಸಿಮಯ್ಯನೂ ನೂಲಿನವನೇ ಎಂದು ಅವರಿಗೆ ಅವನ ಮೇಲೆ ವಿಶೇಷ ಪ್ರೀತಿ. ಹಾಸು, ಹೊಕ್ಕು, ಲಾಳಿ ಇಂಥ ನೆಯ್ಗೆಯ ಮಾತು ಬಂದಾಗ ನಮಗೆಲ್ಲ ವಿವರಿಸುವವರು ಅವರೇ.

ಸ್ನಾನ ಮಾಡಿಯೇ ಓದಬೇಕೆ? ಮುಟ್ಟಾದ ದಿನಗಳಲ್ಲಿ ಪುಸ್ತಕ ಮುಟ್ಟಬಹುದೆ?

ಎರಡನೆಯ ಪ್ರಶ್ನೆಯನ್ನು ಹುಡುಗಿಯರು ಎಲ್ಲರೂ ಹೊರಟ ಮೇಲೆ, ದನಿ ತಗ್ಗಿಸಿ ಕೇಳುತ್ತಾರೆ. ಇಲ್ಲಿ ದನಿ ಎತ್ತಿಯೇ ಹೇಳುತ್ತೇನೆ: ಮುಟ್ಟಬಹುದು, ಓದಬಹುದು. ಶರಣರು ಐದು ಸೂತಕಗಳನ್ನು ಒಪ್ಪಲಿಲ್ಲ. ಹುಟ್ಟಿನ ಸೂತಕ, ಸಾವಿನ ಸೂತಕ, ಜಾತಿಯ ಸೂತಕ, ಎಂಜಲಿನ ಸೂತಕ, ಮುಟ್ಟಿನ ಸೂತಕ. ಎಂಟುನೂರು ವರ್ಷಗಳ ಹಿಂದೆ ಕನ್ನಡದ ಹೆಣ್ಣುಮಕ್ಕಳಿಗೆ ಸಿಕ್ಕ ಬಿಡುಗಡೆ ಇದು. ಅದನ್ನು ಸಾರಿದ ಪುಸ್ತಕವನ್ನೇ ಮುಟ್ಟಬಾರದೆಂದು ಮನೆಯವರು ಹೇಳಿದರೆ ಸಿಟ್ಟಾಗಬೇಡಿ, ಹತ್ತಿರ ಕೂಡಿಸಿಕೊಂಡು ಆ ವಚನಗಳನ್ನೇ ಓದಿ ತೋರಿಸಿ.

ಸ್ನಾನ ನಿಮ್ಮ ಇಷ್ಟ.

ಭಾಷೆ ಹಳೆಯದು, ಅರ್ಥವಾಗುವುದಿಲ್ಲ. ಏನು ಮಾಡಲಿ?

ಅಂದುಕೊಂಡಷ್ಟು ಹಳೆಯದಲ್ಲ. ಪಂಪನ ಕನ್ನಡ ಓದಲು ಕಲಿಸುವವರು ಬೇಕು. ಬಸವಣ್ಣನವರ ಕನ್ನಡಕ್ಕೆ ಹತ್ತು ಹದಿನೈದು ರೂಪಗಳನ್ನು ಗುರುತಿಟ್ಟುಕೊಂಡರೆ ಸಾಕು. ಆನು ಎಂದರೆ ನಾನು, ಎನ್ನ ಎಂದರೆ ನನ್ನ, ‘ನುಡಿದಡೆ’ ಎಂದರೆ ನುಡಿದರೆ, ‘ಒಲ್ಲ’ ಎಂದರೆ ಒಪ್ಪುವುದಿಲ್ಲ, ‘ಅರಸಿಂಗೆ’ ಎಂದರೆ ಅರಸನಿಗೆ. ನಮ್ಮ ಕಡೆಯ ಹಳ್ಳಿಗಳಲ್ಲಿ ‘ಒಲ್ಲೆ’ ಇನ್ನೂ ಬದುಕಿದೆ. ನಗರದಲ್ಲಿ ಬೆಳೆದವರಿಗಿಂತ ಹಳ್ಳಿಯ ಮುದುಕಿಯರಿಗೆ ವಚನ ಬೇಗ ತಿಳಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ನಿಜವಾದ ತೊಡಕಿರುವುದು ಗೊತ್ತಿದೆ ಎಂದು ನಾವು ಅಂದುಕೊಂಡಿರುವ ಪದಗಳಲ್ಲಿ. ‘ಜಂಗಮ’ ಇಂದು ಒಂದು ಜಾತಿಯ ಹೆಸರಿನಂತೆ ಕೇಳಿಸುತ್ತದೆ, ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ ಎಂಬಲ್ಲಿ ಅದು ಚಲಿಸುವ ಚೈತನ್ಯ. ಅಲ್ಲಮನಲ್ಲಿ ‘ಬಯಲು’ ಊರ ಹೊರಗಿನ ಖಾಲಿ ಜಾಗವಲ್ಲ. ‘ಪ್ರಸಾದ’, ‘ಅರಿವು’, ‘ಕುರುಹು’, ‘ಭವಿ’ ಇವೂ ಹಾಗೆಯೇ. ಒಂದು ನೋಟ್‌ಪುಸ್ತಕದಲ್ಲಿ ಇವನ್ನು ಬರೆದಿಟ್ಟು, ಪ್ರತಿ ಸಲ ಸಿಕ್ಕಾಗಲೂ ಆ ಸಾಲನ್ನು ಅದರ ಮುಂದೆ ಬರೆಯುತ್ತ ಹೋಗಿ. ಆರು ತಿಂಗಳಲ್ಲಿ ನಿಮ್ಮದೇ ಒಂದು ಪದಕೋಶ ಸಿದ್ಧವಾಗಿರುತ್ತದೆ.

ಕೊನೆಯಲ್ಲಿ ಬರುವ ಕೂಡಲಸಂಗಮದೇವ, ಗುಹೇಶ್ವರ ಇವು ಏನು? ಬಿಟ್ಟು ಓದಿದರೆ ಏನಾಗುತ್ತದೆ?

ಅದು ಅಂಕಿತ. ವಚನ ಯಾರದೆಂದು ಅದರಿಂದ ಗೊತ್ತಾಗುತ್ತದೆ. ಕೂಡಲಸಂಗಮದೇವ ಬಸವಣ್ಣನವರದು, ಗುಹೇಶ್ವರ ಅಲ್ಲಮನದು, ಅಕ್ಕನದು ಚೆನ್ನಮಲ್ಲಿಕಾರ್ಜುನ, ಚೆನ್ನಬಸವಣ್ಣನದು ಕೂಡಲಚೆನ್ನಸಂಗಮದೇವ, ಸೊನ್ನಲಿಗೆಯ ಸಿದ್ಧರಾಮನದು ಕಪಿಲಸಿದ್ಧಮಲ್ಲಿಕಾರ್ಜುನ, ದಾಸಿಮಯ್ಯನದು ರಾಮನಾಥ, ಮಡಿವಾಳ ಮಾಚಯ್ಯನದು ಕಲಿದೇವರದೇವ. ಅಂಬಿಗರ ಚೌಡಯ್ಯ ಮಾತ್ರ ದೇವರ ಹೆಸರು ಹಾಕದೆ ತನ್ನ ಹೆಸರನ್ನೇ ಹಾಕಿಕೊಂಡ. ಆ ಎದೆಗಾರಿಕೆ ಅವನ ವಚನಗಳ ಉದ್ದಕ್ಕೂ ಇದೆ. ಲಕ್ಕಮ್ಮನ ಅಂಕಿತದಲ್ಲಿ ಗಂಡನ ಹೆಸರಿದೆ, ಮುಕ್ತಾಯಕ್ಕನದರಲ್ಲಿ ಅಣ್ಣನ ಹೆಸರು.

ಅಂಕಿತವನ್ನು ರುಜು ಎಂದು ತಿಳಿದು ಬಿಟ್ಟುಬಿಡುವವರಿದ್ದಾರೆ. ಹಾಗೆ ಬಿಟ್ಟರೆ ಮಾತು ಯಾರಿಗೆ ಆಡಿದ್ದೆಂಬುದೇ ಹೋಗುತ್ತದೆ. ಅಂಕಿತವಿರುವ ಸಾಲಿನಲ್ಲೇ ಬಹಳ ಸಲ ವಚನದ ಪೆಟ್ಟು ಇರುತ್ತದೆ. ‘ನುಡಿದಡೆ ಮುತ್ತಿನ ಹಾರದಂತಿರಬೇಕು’ ನಮ್ಮ ಶಾಲೆಗಳ ಗೋಡೆಯ ಮೇಲೆಲ್ಲ ಇದೆ. ಮುತ್ತು, ಮಾಣಿಕ್ಯ, ಸ್ಫಟಿಕ ಎಲ್ಲವೂ ಬರುತ್ತವೆ. ಗೋಡೆಯಲ್ಲಿ ಜಾಗ ಸಾಲದೆ ಬಿಟ್ಟುಹೋಗುವುದು ಕೊನೆಯದು: ‘ನುಡಿಯೊಳಗಾಗಿ ನಡೆಯದಿದ್ದಡೆ ಕೂಡಲಸಂಗಮದೇವನೆಂತೊಲಿವನಯ್ಯಾ’. ಆ ಸಾಲಿಲ್ಲದಿದ್ದರೆ ಅದು ಚಂದವಾಗಿ ಮಾತನಾಡುವುದು ಹೇಗೆಂದು ಹೇಳಿಕೊಡುವ ಪಾಠ. ಆ ಸಾಲು ಸೇರಿದಾಗ ಮಾತನಾಡುವವನ ಬದುಕನ್ನೇ ಕೇಳುವ ಪ್ರಶ್ನೆ. ಇಪ್ಪತ್ತೆಂಟು ವರ್ಷ ಪಾಠ ಹೇಳಿದ ನಾನೂ ಮಕ್ಕಳಿಗೆ ಮುತ್ತು ಮಾಣಿಕ್ಯದ ಸಾಲುಗಳನ್ನೇ ಹೆಚ್ಚು ಬಾಯಿಪಾಠ ಮಾಡಿಸಿದೆ. ಇಂದು ಅದಕ್ಕೆ ನೋವಾಗುತ್ತದೆ.

ಅಂಕಿತವನ್ನು ಬದಲಿಸಬಹುದೆ ಎಂಬುದು ನ್ಯಾಯಾಲಯದವರೆಗೂ ಹೋದ ಪ್ರಶ್ನೆ. ಮಾತೆ ಮಹಾದೇವಿಯವರು ತಮ್ಮ ‘ಬಸವ ವಚನ ದೀಪ್ತಿ’ಯಲ್ಲಿ ಕೂಡಲಸಂಗಮದೇವ ಎಂಬಲ್ಲಿ ಲಿಂಗದೇವ ಎಂದು ಮಾಡಿದ್ದರು. ರಾಜ್ಯ ಸರ್ಕಾರ 1998ರಲ್ಲಿ ಆ ಪುಸ್ತಕವನ್ನು ನಿಷೇಧಿಸಿತು, 2017ರಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. ಪುಸ್ತಕಗಳನ್ನು ನಿಷೇಧಿಸುವುದು ನನಗೆ ಹಿಡಿಸದ ಸಂಗತಿ. ಅಂಕಿತ ತಿದ್ದುವುದು ಇನ್ನೂ ಹಿಡಿಸದು. ಕೃಷ್ಣೆ ಮಲಪ್ರಭೆಯರು ಕೂಡುವ ಆ ಸಂಗಮದಲ್ಲಿ ಬೆಳೆದ ಹುಡುಗ ಕೊನೆಯವರೆಗೂ ಬಿಡದೆ ಕರೆದ ಹೆಸರು ಅದು.

ವಾಟ್ಸ್‌ಆ್ಯಪ್‌ನಲ್ಲಿ ಬರುವ ವಚನಗಳು ನಿಜವಾದವೇ ಎಂದು ತಿಳಿಯುವುದು ಹೇಗೆ?

ಮೊದಲು ಅಂಕಿತ ಇದೆಯೇ ನೋಡಿ. ಅಂಕಿತ ಒಬ್ಬರದು, ಕೆಳಗೆ ಬರೆದ ಹೆಸರು ಇನ್ನೊಬ್ಬರದು ಆಗಿದ್ದರೆ ಅಲ್ಲಿಗೇ ನಿಲ್ಲಿಸಿ. ಎರಡನೆಯದು ಭಾಷೆ: ‘ಜೀವನದಲ್ಲಿ ಯಶಸ್ಸು’, ‘ಸಮಯದ ಬೆಲೆ’ ಇಂಥ ಮಾತುಗಳು ಹನ್ನೆರಡನೆಯ ಶತಮಾನದವಲ್ಲ. ಅನುಮಾನ ಉಳಿದರೆ ‘ವಚನ ಸಂಚಯ’ ಎಂಬ ಜಾಲತಾಣವಿದೆ. ಅದರಲ್ಲಿ ಒಂದು ಪದ ಹಾಕಿದರೆ ಆ ಪದವಿರುವ ವಚನಗಳೆಲ್ಲ ವಚನಕಾರರ ಹೆಸರಿನೊಡನೆ ಸಿಗುತ್ತವೆ. ಬಯಲು ಎಂದು ಹುಡುಕಿ ಒಂದು ಇಡೀ ಮಧ್ಯಾಹ್ನ ಅದರಲ್ಲೇ ಕಳೆದಿದ್ದೇನೆ.

ಒಂದೇ ವಚನ ಎರಡು ಪುಸ್ತಕಗಳಲ್ಲಿ ಬೇರೆ ಬೇರೆಯಾಗಿದೆ. ಯಾವುದು ಸರಿ?

ಇದಕ್ಕೆ ಉತ್ತರಿಸಬೇಕಾದರೆ ವಚನಗಳು ನಮ್ಮ ಕೈಗೆ ಬಂದ ದಾರಿಯನ್ನು ಹೇಳಬೇಕು.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಗಲಭೆಯ ನಂತರ ಶರಣರು ದಿಕ್ಕಾಪಾಲಾದರು. ಚೆನ್ನಬಸವಣ್ಣನ ಜೊತೆಗಿದ್ದವರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿಗೆ ಬಂದರೆಂದು ಪರಂಪರೆ ಹೇಳುತ್ತದೆ. ಉಳವಿಯ ಜಾತ್ರೆಗೆ ನಮ್ಮ ಕಡೆಯಿಂದ ಇಂದಿಗೂ ಚಕ್ಕಡಿ ಕಟ್ಟಿಕೊಂಡು ಹೋಗುವವರಿದ್ದಾರೆ. ಮತ್ತೆ ವಚನಗಳ ದೊಡ್ಡ ಸಂಗ್ರಹ ನಡೆದದ್ದು ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದ ಆಸುಪಾಸಿನಲ್ಲಿ. ನೂರೊಂದು ವಿರಕ್ತರೆಂದು ಹೆಸರಾದವರ ಕಾಲ ಅದು. ನಡುವೆ ಇನ್ನೂರು ಇನ್ನೂರೈವತ್ತು ವರ್ಷ ಈ ಮಾತುಗಳು ನೆನಪಿನಲ್ಲಿ, ಹಾಡಿನಲ್ಲಿ, ಪ್ರತಿಯಿಂದ ಪ್ರತಿಗೆ ಬದುಕಿಕೊಂಡು ಬಂದವು. ಒಬ್ಬ ಲಿಪಿಕಾರ ‘ನುಡಿದಡೆ’ ಎಂದು ಬರೆದರೆ ಇನ್ನೊಬ್ಬ ‘ನುಡಿದರೆ’ ಎಂದು ಬರೆದ. ಒಬ್ಬನ ಕಟ್ಟಿನಲ್ಲಿ ಒಂದು ಸಾಲು ಹೆಚ್ಚು, ಇನ್ನೊಬ್ಬನದರಲ್ಲಿ ಕಡಿಮೆ. ಅದಕ್ಕೆ ಪಾಠಾಂತರ ಎನ್ನುತ್ತಾರೆ.

ಆಮೇಲೆ ಆ ಕಟ್ಟುಗಳು ಮಠಗಳಲ್ಲಿ, ಮನೆಗಳ ಜಗಲಿಯ ಮೇಲೆ ಕೂತು ಪೂಜೆಗೊಂಡವು. ಪೂಜೆ ನಡೆಯಿತು, ಓದು ನಿಂತಿತು. ಅವನ್ನು ಜಗಲಿಯಿಂದ ಇಳಿಸಿ ಓದುವವರ ಕೈಗೆ ಕೊಟ್ಟವರಲ್ಲಿ ಮೊದಲು ನೆನೆಯಬೇಕಾದವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. 1880ರ ಜುಲೈ 2ರಂದು ನಮ್ಮ ಧಾರವಾಡದಲ್ಲೇ ಹುಟ್ಟಿದವರು, ವಿಜಯಪುರದಲ್ಲಿ ವಕೀಲರಾಗಿದ್ದವರು. ಅವರಿಗಿಂತ ಮೊದಲೂ ಕೆಲವು ವಚನಗಳು ಅಚ್ಚಾಗಿದ್ದವು. ಆದರೆ ಊರೂರು ತಿರುಗಿ, ಕೊಡಲು ಮನಸ್ಸಿಲ್ಲದವರನ್ನು ಬೇಡಿ, ಓಲೆಗಳಿಂದ ನಕಲು ಮಾಡಿಕೊಂಡು ಒಂದು ಇಡೀ ಲೋಕವೇ ಇದೆಯೆಂದು ತೋರಿಸಿದವರು ಅವರು. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬಂತು. ಬೇರೆಯವರ ಅಚ್ಚುಕೂಟವನ್ನು ನೆಚ್ಚಿ ಕೂರಲಾಗದೆ 1925ರಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯ ಹೂಡಿದರು, ಅದಕ್ಕಾಗಿ ಇದ್ದ ಮನೆಯನ್ನು ಮಾರಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ. 1964ರಲ್ಲಿ ತೀರಿಕೊಳ್ಳುವವರೆಗೆ ಬಿಡಲಿಲ್ಲ. ನಮ್ಮ ಪಡಸಾಲೆಯಲ್ಲಿ ಜುಲೈ 2ರಂದು ಬೇರೆ ಸಮಾರಂಭವಿಲ್ಲ, ಆ ದಿನ ಎಲ್ಲರೂ ಒಂದೊಂದು ವಚನವನ್ನು ಕೈಯಲ್ಲಿ ನಕಲು ಮಾಡಿಕೊಳ್ಳುತ್ತೇವೆ. ಒಂದು ವಚನ ಬರೆದು ಮುಗಿಸುವಷ್ಟರಲ್ಲಿ ಬೆರಳು ನೋಯುತ್ತದೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹಲವು ಹಸ್ತಪ್ರತಿಗಳನ್ನು ಹೋಲಿಸಿ ಸಿದ್ಧಪಡಿಸಿದ ಆವೃತ್ತಿಯನ್ನು ನಂಬಿ. ಎರಡೂ ಪಾಠ ಒಳ್ಳೆಯ ಸಂಪಾದಕರವೇ ಆಗಿದ್ದರೆ ಎರಡನ್ನೂ ಇಟ್ಟುಕೊಳ್ಳಿ.

ಹಾಗಾದರೆ ಸಮಗ್ರ ವಚನ ಸಂಪುಟಗಳನ್ನೇ ಕೊಳ್ಳಲೆ?

ಕನ್ನಡ ಮತ್ತು ಸಂಸ್ಕೃತಿ ಇಲಾಖೆ 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ತಂದ 15 ಸಂಪುಟಗಳಿವು. 20,000ಕ್ಕೂ ಹೆಚ್ಚು ವಚನಗಳು, ಇನ್ನೂರಕ್ಕೂ ಹೆಚ್ಚು ವಚನಕಾರರು. ಕೊನೆಯ ಸಂಪುಟ ಪಾರಿಭಾಷಿಕ ಪದಗಳ ಕೋಶ. ಮುಂದೆ ಮರುಮುದ್ರಣಗಳೂ ಆಗಿವೆ. ಕನ್ನಡಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಹೆಚ್ಚು ಜನ ಮಾಡಿಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಕಲಬುರ್ಗಿಯವರನ್ನು ಇದೇ ಊರಿನಲ್ಲಿ, ಅವರ ಮನೆಯ ಬಾಗಿಲಲ್ಲಿ ಗುಂಡಿಟ್ಟು ಕೊಂದರು. ಆ ವಾರ ನಾವು ಓದಲು ಕೂತರೂ ಯಾರ ಬಾಯಿಂದಲೂ ಮಾತು ಹೊರಡಲಿಲ್ಲ.

ಹೊಸಬರು ಅಷ್ಟನ್ನೂ ಕೊಳ್ಳುವ ಅಗತ್ಯವಿಲ್ಲ. ಗ್ರಂಥಾಲಯದಲ್ಲಿ ನೋಡಿ. ಒಂದನ್ನು ಮಾತ್ರ ಕೊಳ್ಳುವುದಾದರೆ ಐದನೆಯ ಸಂಪುಟ ಕೊಳ್ಳಿ.

ಐದನೆಯ ಸಂಪುಟವೇ ಏಕೆ?

ಅದರಲ್ಲಿರುವುದು ಶಿವಶರಣೆಯರ ವಚನಗಳು. ಅಕ್ಕಮಹಾದೇವಿಯನ್ನು ಎಲ್ಲರೂ ಬಲ್ಲರು. ಹಸಿವಾದಡೆ ಭಿಕ್ಷಾನ್ನಗಳುಂಟು, ತೃಷೆಯಾದಡೆ ಕೆರೆ ಹಳ್ಳ ಬಾವಿಗಳುಂಟು, ಶಯನಕ್ಕೆ ಹಾಳು ದೇಗುಲಗಳುಂಟು, ‘ಆತ್ಮಸಂಗಾತಕ್ಕೆ ನೀನೆನಗುಂಟು’ ಎಂದು ಉಡುತಡಿಯಿಂದ ಹೊರಟವಳು. ಅವಳ ಜೊತೆಗೆ ಮೂವತ್ತಕ್ಕೂ ಹೆಚ್ಚು ಹೆಂಗಸರು ವಚನ ಹೇಳಿದ್ದಾರೆ. ಬಸವಣ್ಣನವರ ಅಕ್ಕ ನಾಗಮ್ಮ, ಮಡದಿ ನೀಲಮ್ಮ, ಸತ್ಯಕ್ಕ, ಅಮುಗೆ ರಾಯಮ್ಮ, ಹಡಪದ ಲಿಂಗಮ್ಮ.

ಸೂಳೆ ಸಂಕವ್ವೆ ಎಂಬವಳದು ಉಳಿದಿರುವುದು ಒಂದೇ ಒಂದು ವಚನ. ತನ್ನ ವೃತ್ತಿಯ ಮಾತಿನಲ್ಲೇ, ಒಬ್ಬನಿಂದ ಒತ್ತೆ, ಅಂದರೆ ಮುಂಗಡ ಹಣ, ಹಿಡಿದ ಮೇಲೆ ಇನ್ನೊಬ್ಬನ ಒತ್ತೆ ಹಿಡಿಯೆನೆಂದು ಹೇಳಿ, ಅದನ್ನು ತನ್ನ ಏಕನಿಷ್ಠೆಯ ಪ್ರಮಾಣ ಮಾಡುತ್ತಾಳೆ. ಅವಳ ಅಂಕಿತ ನಿರ್ಲಜ್ಜೇಶ್ವರ. ಅವಳ ಹೆಸರನ್ನು ಸಭೆಯಲ್ಲಿ ಹೇಳಲು ಕೆಲವರು ಮುಜುಗರಪಟ್ಟು ಬರೀ ಸಂಕವ್ವೆ ಎನ್ನುತ್ತಾರೆ. ಅವಳು ಮುಚ್ಚಿಡದ್ದನ್ನು ನಾವು ಮುಚ್ಚಿಡಬೇಕಾಗಿಲ್ಲ.

ಬೆಡಗಿನ ವಚನ ಎಂದರೆ ಏನು?

ಹೊರಗೆ ಒಗಟಿನಂತೆ ಕಾಣುವ, ಒಳಗೆ ಸಾಧನೆಯ ಅನುಭವವನ್ನು ಬಚ್ಚಿಟ್ಟ ವಚನ. ನೀರಿಲ್ಲದ ಒರಳು, ನೆಳಲಿಲ್ಲದ ಒನಕೆ, ರೂಹಿಲ್ಲದ ನಾರಿಯರು ಕುಟ್ಟುತ್ತಿರುವ ಬೀಜವಿಲ್ಲದ ಅಕ್ಕಿ. ಅಲ್ಲಮನ ಒಂದು ವಚನದ ಅಡುಗೆಮನೆ ಹೀಗಿದೆ. ಇವಕ್ಕೆ ಹಿಂದಿನಿಂದಲೂ ಟೀಕೆಗಳು, ಅಂದರೆ ಅರ್ಥವಿವರಣೆಗಳು, ಬಂದಿವೆ: ಇದು ದೇಹ, ಇದು ಮನಸ್ಸು ಎಂದು ಕೀಲಿ ಹಾಕಿ ಬಿಚ್ಚುವಂಥವು. ಟೀಕೆ ಓದಿ, ಆದರೆ ಕೀಲಿ ತಿರುಗಿದೊಡನೆ ವಚನ ಮುಗಿಯಿತೆಂದು ತಿಳಿಯಬೇಡಿ. ಆ ಒನಕೆಯ ಸದ್ದು ಕೇಳಿಸುವವರೆಗೆ ಕಾಯಿರಿ.

ನಾನು ದೇವರನ್ನು ನಂಬುವುದಿಲ್ಲ. ನನಗೆ ಇದರಿಂದ ಏನು ಸಿಗುತ್ತದೆ?

ಬನ್ನಿ, ಓದಿ. ನಂಬಿಕೆಯಿಲ್ಲದವರು ಬಂದಾಗ ನಮ್ಮ ಸೋಮವಾರಗಳಿಗೆ ಚುರುಕು ಬರುತ್ತದೆ. ಆದರೆ ಒಂದು ಮಾತನ್ನು ಮರೆಮಾಚದೆ ಹೇಳುತ್ತೇನೆ. ವಚನಗಳಲ್ಲಿನ ಸಮಾನತೆ, ಜಾತಿನಿರಾಕರಣೆ, ಕಾಯಕಗಳನ್ನು ಮಾತ್ರ ಎತ್ತಿಕೊಂಡು ಭಕ್ತಿಯನ್ನು ಕಾಲದ ಹೊಟ್ಟೆಂದು ತೂರಿಬಿಡುವ ಓದು ನನಗೆ ಒಪ್ಪಿಗೆಯಿಲ್ಲ. ‘ನಡುವೆ ಸುಳಿವ ಆತ್ಮನು ಹೆಣ್ಣೂ ಅಲ್ಲ ಗಂಡೂ ಅಲ್ಲ’ ಎಂದ ದಾಸಿಮಯ್ಯ ಆ ಸಮಾನತೆಯನ್ನು ಕಂಡದ್ದು ಆತ್ಮದಲ್ಲಿ, ಹೇಳಿದ್ದು ರಾಮನಾಥನಿಗೆ. ಅವರಿಗೆ ಅದು ಒಂದೇ ಬಟ್ಟೆ. ಇದಕ್ಕೆ ತಿರುಗುಮುರುಗಾದ ತಪ್ಪೂ ಇದೆ: ಪೂಜೆ, ವಿಭೂತಿ, ಸಾಧನೆಯ ಆರು ಮೆಟ್ಟಿಲುಗಳಾದ ಷಟ್ಸ್ಥಲಗಳ ವಿವರಣೆಯಲ್ಲಿ ಮುಳುಗಿ ಮಾದಾರ ಚೆನ್ನಯ್ಯನನ್ನು ಹಿಂದಿನ ಸಾಲಿನಲ್ಲೇ ಕೂರಿಸುವುದು. ಅದು ಹೆಚ್ಚಿನ ತಪ್ಪು.

ಮಕ್ಕಳಿಗೆ ಯಾವ ವಯಸ್ಸಿನಿಂದ ಕಲಿಸಬಹುದು?

ಮಾತು ಬಂದ ದಿನದಿಂದ. ಅರ್ಥ ಹೇಳಬೇಡಿ, ದನಿ ಕೊಡಿ. ‘ಎತ್ತಣ ಮಾಮರ ಎತ್ತಣ ಕೋಗಿಲೆ’ಯನ್ನು ಐದು ವರ್ಷದ ಮಗು ಕುಣಿಯುತ್ತ ಹೇಳುತ್ತದೆ. ಸ್ಪರ್ಧೆಗೆಂದು ಬಾಯಿಪಾಠ ಮಾಡಿಸುವುದನ್ನು ಮಾತ್ರ ಕೈಬಿಡಿ.

ಮೊಮ್ಮಕ್ಕಳು ಪರದೇಶದಲ್ಲಿದ್ದಾರೆ, ಕನ್ನಡ ಓದಲು ಬರುವುದಿಲ್ಲ.

ಎ. ಕೆ. ರಾಮಾನುಜನ್ 1973ರಲ್ಲಿ ಮಾಡಿದ ಇಂಗ್ಲಿಷ್ ಅನುವಾದ ಇಂದಿಗೂ ಸಿಗುತ್ತದೆ. ಬಸವಣ್ಣ, ದಾಸಿಮಯ್ಯ, ಅಕ್ಕ, ಅಲ್ಲಮ ನಾಲ್ವರೂ ಅದರಲ್ಲಿದ್ದಾರೆ. ಬೆಂಗಳೂರಿನ ಬಸವ ಸಮಿತಿ ಸುಮಾರು 2,500 ವಚನಗಳನ್ನು ಭಾರತದ ಹಲವು ಭಾಷೆಗಳಿಗೆ ಮಾಡಿಸಿದೆ. ಅನುವಾದವನ್ನು ಮಗು ಓದಲಿ, ಅದೇ ವಚನವನ್ನು ನೀವು ಫೋನಿನಲ್ಲಿ ಕನ್ನಡದಲ್ಲಿ ಹೇಳಿ. ನಮ್ಮ ಬಳಗದ ಅಜ್ಜಿಯೊಬ್ಬರು ಪ್ರತಿ ರವಿವಾರ ಹೀಗೆ ಮಾಡುತ್ತಾರೆ. ಈಗ ಆ ಹುಡುಗ ಲಕ್ಕಮ್ಮನ ವಚನವನ್ನು ಪೂರ್ತಿ ಹೇಳಬಲ್ಲ.

ಮನೆಯಲ್ಲಿ ಹಿರಿಯರ ಕಾಲದ ತಾಳೆಗರಿಯ ಕಟ್ಟು ಇದೆ. ಏನು ಮಾಡಬೇಕು?

ದಯವಿಟ್ಟು ಹೊಳೆಗೆ ಬಿಡಬೇಡಿ. ಓದುವವರಿಲ್ಲವೆಂದು ಹಾಗೆ ಬಿಟ್ಟವರ ಮನೆಗಳನ್ನು ನಾನು ಬಲ್ಲೆ. ನೀರಿನಲ್ಲಿ ಹೋದದ್ದು ಏನೆಂದು ಇನ್ನು ಯಾರಿಗೂ ತಿಳಿಯುವಂತಿಲ್ಲ.

ಕುಂಕುಮ, ವಿಭೂತಿ, ಅಡುಗೆಯ ಎಣ್ಣೆ ಹಚ್ಚಬೇಡಿ. ಒಣಗಿದ ಗರಿಗಳನ್ನು ಎಳೆದು ಬಿಡಿಸಬೇಡಿ, ಮುರಿಯುತ್ತವೆ. ದಾರ ಬಿಚ್ಚಿದರೆ ಗರಿಗಳ ಕ್ರಮ ತಪ್ಪದಂತೆ ನೋಡಿಕೊಳ್ಳಿ. ಸ್ವಚ್ಛವಾದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ತೇವ ಮತ್ತು ಗೆದ್ದಲು ಮುಟ್ಟದ ಕಡೆ ಇಡಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಗಳಲ್ಲಿ ಹಸ್ತಪ್ರತಿ ಬಲ್ಲವರಿದ್ದಾರೆ. ಕಟ್ಟನ್ನು ಕೊಡಲು ಮನಸ್ಸಿಲ್ಲದಿದ್ದರೆ ಚಿತ್ರ ತೆಗೆಯಲಾದರೂ ಬಿಡಿ. ಅದು ವಚನದ ಕಟ್ಟಾಗಿರದೆ ಪುರಾಣವೋ ವೈದ್ಯವೋ ಆಗಿರಬಹುದು, ಆದರೂ ಉಳಿಯಬೇಕಾದದ್ದೇ.

ಮನೆಯಲ್ಲಿ ಸಾವಾಗಿದೆ. ಈಗ ಯಾವುದನ್ನು ಓದಲಿ?

ಹೆಚ್ಚಾಗಿ ಇದು ರಾತ್ರಿ ಹೊತ್ತಿನ ಫೋನು.

‘ಶೂನ್ಯಸಂಪಾದನೆ’ ಎಂಬ ಗ್ರಂಥವಿದೆ. ಬಿಡಿಬಿಡಿಯಾಗಿದ್ದ ವಚನಗಳನ್ನು ಅಲ್ಲಮನ ಸುತ್ತ ಸಂಭಾಷಣೆಯಾಗಿ ಹೆಣೆದ ಅಪೂರ್ವ ಗ್ರಂಥ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಇದನ್ನು ಕಟ್ಟಿದ. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣೊಡೆಯ ತಮ್ಮ ತಮ್ಮ ರೀತಿಯಲ್ಲಿ ಮತ್ತೆ ಕಟ್ಟಿದರು. ಇದು ಕಲ್ಯಾಣದಲ್ಲಿ ಕುಳಿತು ಬರೆದುಕೊಂಡ ವರದಿಯಲ್ಲ, ಆ ಮಾತುಗಳು ಒಂದಕ್ಕೊಂದು ಹೇಗೆ ಉತ್ತರವಾದಾವು ಎಂದು ಸಂಪಾದಕರು ಕಂಡ ಕಾಣ್ಕೆ. ಅದರ ಆರಂಭದ ಭಾಗದಲ್ಲೇ ಮುಕ್ತಾಯಕ್ಕ ಬರುತ್ತಾಳೆ. ಅಣ್ಣ ಅಜಗಣ್ಣ ತೀರಿಕೊಂಡಿದ್ದಾನೆ. ಅಣ್ಣನೇ ಅವಳಿಗೆ ಗುರು. ಅಳುತ್ತಿರುವವಳ ಬಳಿ ಅಲ್ಲಮ ಬರುತ್ತಾನೆ.

ಅಲ್ಲಿ ಅವಳು ಬೇಗ ಸಮಾಧಾನವಾಗುವುದಿಲ್ಲ. ಅಲ್ಲಮ ಹೇಳಿದ್ದಕ್ಕೆಲ್ಲ ಎದುರು ಕೇಳುತ್ತಾಳೆ. ಅರಿತವನಾದರೆ ನಿನಗೆ ಇನ್ನೂ ಇಷ್ಟು ಮಾತೇಕೆ ಎಂಬ ಧಾಟಿಯಲ್ಲಿ ಅವನನ್ನೇ ಕೆಣಕುತ್ತಾಳೆ. ಅಲ್ಲಮ ಸಿಟ್ಟಾಗುವುದಿಲ್ಲ, ಎದ್ದು ಹೋಗುವುದೂ ಇಲ್ಲ. ಪ್ರತಿ ವಚನದ ಕೊನೆಗೂ ಅವಳು ‘ಅಜಗಣ್ಣ ತಂದೆ’ ಎಂದು ಕರೆಯುತ್ತಲೇ ಇರುತ್ತಾಳೆ. ನಮ್ಮ ಮನೆಯವರು ತೀರಿಕೊಂಡ ವರ್ಷ ನಾನು ಬೇರೆ ಯಾವ ಪುಸ್ತಕವನ್ನೂ ಓದಲಾರದೆ ಇದನ್ನು ಓದಿದೆ. ಸಮಾಧಾನ ಸಿಕ್ಕಿತೆಂದು ಹೇಳಲಾರೆ. ನನ್ನ ಪ್ರಶ್ನೆಗಳನ್ನು ಕೇಳಲು ನಾಚಬೇಕಿಲ್ಲವೆಂದು ತಿಳಿಯಿತು.

ಆ ಭಾಗ ದೊಡ್ಡದು, ನಾಲ್ಕೈದು ಸಂಜೆ ಹಿಡಿಯುತ್ತದೆ. ಇಬ್ಬರು ಕೂತು ಓದಿ, ಮುಕ್ತಾಯಕ್ಕನ ಮಾತುಗಳನ್ನು ದುಃಖದಲ್ಲಿರುವವರು ಓದಲಿ, ಅಲ್ಲಮನವನ್ನು ಇನ್ನೊಬ್ಬರು. ಜೊತೆಗೆ ಯಾರೂ ಇಲ್ಲದಿದ್ದರೆ ಸೋಮವಾರ ಬನ್ನಿ, ಆರೂವರೆಗೆ ಶುರುಮಾಡುತ್ತೇವೆ.